ದನಿಯ ಬುತ್ತಿ

ಜೋಳದ ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿದರೆ ಅಂಚು ಬಿರಿಯುತ್ತದೆ. ಆ ದಿನ ಬೆಳಿಗ್ಗೆ ನನ್ನ ಕೈ ನಿಂತಿತು.

ಬನಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಆಗಷ್ಟೇ ಮುಖ ತೊಳೆದು ಬಂದಿದ್ದಳು, ಗಲ್ಲದಿಂದ ನೀರು ಇಳಿಯುತ್ತಿತ್ತು. ಕೊರಳಪಟ್ಟಿಯ ಪುಟ್ಟ ದೀಪ ಹಸಿರಾಗಿ ಉರಿಯುತ್ತಿತ್ತು. ಹಾಸಿಗೆಯಲ್ಲೇ ಬಹಳ ಹೊತ್ತು ಯೋಚಿಸಿ ಎದ್ದು ಬಂದವಳ ಮುಖ.

“ಯವ್ವಾ,” ಅಂದಳು. “ನಾ ದೊಡ್ಡಾಕಿ...”

ಮುಂದಿನ ಮಾತು ಬರಲಿಲ್ಲ. ತುಟಿಗಳು ಮಾತ್ರ ಆಡುತ್ತಲೇ ಇದ್ದವು. ದೀಪ ಕೆಂಪಾಯಿತು. ಆಮೇಲೆ ನನ್ನ ಮಗಳ ಕೊರಳಿನಿಂದ ಯಾರೋ ಹೆಂಗಸಿನ ಸಕ್ಕರೆ ಬೆರೆಸಿದ ದನಿ ಬಂತು. “ಪ್ರಿಯ ಗ್ರಾಹಕರೇ, ನಮ್ಮ ಸೇವೆ ಇಂದಿಗೆ ಮುಕ್ತಾಯವಾಗಿದೆ. ಇಷ್ಟು ದಿನ ನಮ್ಮೊಂದಿಗೆ ಇದ್ದುದಕ್ಕೆ ಧನ್ಯವಾದಗಳು.”

ಹಂಚಿನ ಮೇಲಿದ್ದ ರೊಟ್ಟಿ ಸೀದಿತು. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನನ್ನ ಅತ್ತೆ ಅಲ್ಲಿಂದಲೇ ಕೂಗಿದರು. “ಯಾರವಾ ಅಕಿ? ಮುಂಜಾನೆದ್ದು ಮನಿಯೊಳಗ ಬಂದು ಮುಗೀತು ಅಂತ ಹೇಳಾಕಿ?”

ಬನಿ, ಅಂದರೆ ಬನಶ್ರೀ, ಮನೆ ತುಂಬ ಮಾತಾಡಿಕೊಂಡು ಓಡಾಡುತ್ತಿದ್ದ ವಯಸ್ಸಿನಲ್ಲಿ ಅವಳ ಗಂಟಲೊಳಗೆ ಗಂಟುಗಳೆದ್ದವು. ಕತ್ತರಿಸಿ ತೆಗೆದರು. ಉಸಿರು ಉಳಿಯಿತು, ದನಿ ಉಳಿಯಲಿಲ್ಲ. ನಾಲಿಗೆ, ತುಟಿ, ಗಂಟಲಿನ ನರಗಳು ಎಲ್ಲವೂ ಮಾತಾಡುತ್ತಿದ್ದವು, ಸಪ್ಪಳ ಮಾತ್ರ ಇರಲಿಲ್ಲ. ಆ ನರಗಳ ನಡುಕವನ್ನು ಚರ್ಮದ ಮೇಲಿಂದಲೇ ಹಿಡಿಯುವ ಪಟ್ಟಿಯೊಂದನ್ನು ಒಂದು ಕಂಪನಿ ಮಾಡಿತ್ತು. ಪಟ್ಟಿ ಹಿಡಿದ ನಡುಕವನ್ನು ಮನೆಯ ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆಯೊಳಗಿನ ಪ್ರೋಗ್ರಾಮು ಅದನ್ನು ದನಿ ಮಾಡಿ, ಮಗು ಬಾಯಿ ಮುಚ್ಚುವುದರೊಳಗೆ ಪಟ್ಟಿಗೆ ವಾಪಸು ಕೊಡುತ್ತದೆ. ಈಗ ಎಲ್ಲರ ಮನೆಯಲ್ಲೂ ಇಂಥ ಪೆಟ್ಟಿಗೆ ಇದೆ, ಕೆಲವರಿಗೆ ಅದು ಎದೆಬಡಿತ ನೋಡುತ್ತದೆ, ಕೆಲವರಿಗೆ ಮಕ್ಕಳ ಲೆಕ್ಕ ತಿದ್ದುತ್ತದೆ. ನಮಗೆ ಅದು ಮಗಳ ಗಂಟಲು.

ಆಪರೇಷನ್ನಿಗೆ ಮೊದಲು ನಾವು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ವಿಡಿಯೋಗಳಿಂದ ಕಂಪನಿಯವರು ಅವಳ ದನಿಯನ್ನೇ ಕಟ್ಟಿಕೊಟ್ಟಿದ್ದರು. ಮೊದಮೊದಲು ಪ್ರೋಗ್ರಾಮು ತಡವರಿಸುತ್ತಿತ್ತು, “ಹಾಲು” ಅಂದರೆ “ಕಾಲು” ಅನ್ನುತ್ತಿತ್ತು. ಬರಬರುತ್ತ ಇವಳ ಗಂಟಲಿನ ಒಂದೊಂದು ನಡುಕವನ್ನೂ ಕಲಿಯಿತು. ಅಳು ಬಂದಾಗ ಮಾತು ಹೇಗೆ ಮುರಿಯುತ್ತದೆ, ಸುಳ್ಳು ಹೇಳುವಾಗ ಎಲ್ಲಿ ಎಳೆಯುತ್ತದೆ ಎಂಬುದನ್ನೂ ಕಲಿಯಿತು. ವರ್ಷಗಟ್ಟಲೆ ಕಲಿತದ್ದು ಅದು. ಬನಿ ಈಗ ಮೂರನೆಯ ತರಗತಿ.

ಕಂಪನಿ ಮುಚ್ಚುತ್ತದಂತೆ ಎಂಬ ಸುದ್ದಿ ಮೊದಲೇ ಬಂದಿತ್ತು. ಯಾರೋ ಕೊಳ್ಳುತ್ತಾರಂತೆ ಎಂಬ ಸುದ್ದಿಯೂ ಬೆನ್ನಿಗೇ ಬಂದದ್ದರಿಂದ ನಾನು ಎರಡನೆಯದನ್ನು ನಂಬಿಕೊಂಡು ಕುಳಿತಿದ್ದೆ. ಕೊನೆಯ ಪ್ರಕಟಣೆಯಲ್ಲಿ ಅವರು ಒಂದು ಒಳ್ಳೆಯ ಮಾತು ಬರೆದಿದ್ದರು. ಪ್ರೋಗ್ರಾಮನ್ನು ಇನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿಕೊಳ್ಳಬಹುದು.

ನಾನು ಹಿಟ್ಟಿನ ಕೈಯಲ್ಲೇ ಪಾಟಿ ತಂದು ಬನಿಯ ಮುಂದೆ ಹಿಡಿದೆ. “ಬರಿ ಕಂದಾ. ಏನ್ ಕೇಳಾಕತ್ತಿದ್ದಿ?”

ಅವಳು ಪಾಟಿ ತೆಗೆದುಕೊಂಡಳು. ಬಳಪ ಊರಿದಳು. ಎತ್ತಿದಳು. ಆಮೇಲೆ ತಲೆ ಅಡ್ಡಡ್ಡ ಅಲ್ಲಾಡಿಸಿ, ಬೆರಳಿನಿಂದ ಮೊದಲು ತನ್ನ ಕೊರಳು ಮುಟ್ಟಿ, ನನ್ನ ಕಿವಿ ಮುಟ್ಟಿದಳು. ಬರೆಯುವುದಿಲ್ಲ, ಬಾಯಿಂದಲೇ ಕೇಳುತ್ತೇನೆ ಎಂದರ್ಥ.

“ದೊಡ್ಡಾಕಿ ಆದ್ಮ್ಯಾಲೆ ಯಾರನ್ನ ಲಗ್ನ ಆಗಲಿ ಅಂತ ಕೇಳ್ತಿದ್ಳೇನೋ,” ಅಂದರು ಅತ್ತೆ. ಬನಿ ಅವರತ್ತ ನಾಲಿಗೆ ಚಾಚಿದಳು. ಆದರೆ ಕಣ್ಣು ನನ್ನ ಮೇಲೇ ಇತ್ತು.

“ಆತು,” ಅಂದೆ ನಾನು. “ನೀ ಬಾಯಿಲೇ ಕೇಳು. ನಾ ನಿನ್ನ ದನಿ ತಂದು ಕೊಡ್ತೀನಿ.”

ಹೇಳಿದ್ದು ಸುಲಭವಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು. ದೇವರ ಜಗಲಿಯ ಪಕ್ಕದಲ್ಲಿ ಕುಳಿತಿರುವ ಪೆಟ್ಟಿಗೆಗೆ ಹಳೆಯ ಲ್ಯಾಪ್‌ಟಾಪ್ ಜೋಡಿಸಿ, ಕಪ್ಪು ಪರದೆ ತೆರೆದು, ಒಳಗೆ ಏನೇನಿದೆ ತೋರಿಸು ಎಂದು ಒಂದೇ ಒಂದು ಸಾಲು ಬರೆದೆ. ಉತ್ತರ ಬಂತು. ದನಿಯ ಪ್ರೋಗ್ರಾಮು ಅಲ್ಲೇ ಇತ್ತು, ನಿಂತುಹೋಗಿತ್ತು ಅಷ್ಟೆ. ಅಪ್ಪಣೆಗೆಂದು ದಿನವೂ ಬೆಳಿಗ್ಗೆ ಕಂಪನಿಯ ಅಗಸಿಗೆ, ಅಂದರೆ ಅವರ ಸರ್ವರಿನ ಬಾಗಿಲಿಗೆ, ಹೋಗಿ ಬರುವುದು ಅದರ ರೂಢಿ. ಆ ದಿನ ಅಗಸಿ ಮುಚ್ಚಿತ್ತು. ಸಂಜೆ ಬಂದು ನೋಡಿದರಾಯಿತು ಎಂದುಕೊಂಡು ಸೀದ ರೊಟ್ಟಿಯನ್ನು ನಾನೇ ಬುತ್ತಿಗೆ ಕಟ್ಟಿಕೊಂಡು ಹೊರಟೆ.

ನನ್ನ ಕೆಲಸ ಅಣೆಕಟ್ಟಿನ ಹತ್ತಿರದ ನೀರಿನ ಕಂಟ್ರೋಲ್ ರೂಮಿನಲ್ಲಿ. ಬಾಗಲಕೋಟೆಯ ನವನಗರದಿಂದ ಬಸ್ಸು ಹಿಡಿದು, ಇಳಿದು, ಮತ್ತೊಂದು ಬಸ್ಸು ಹಿಡಿದು ಹೋಗಬೇಕು. ಹಿನ್ನೀರಿನಿಂದ ಮೇಲಿನ ಊರುಗಳಿಗೆ ಕುಡಿಯುವ ನೀರು ಏರಿಸುವ ಪಂಪು, ಗೇಟುಗಳೆಲ್ಲ ನಮ್ಮ ಕೋಣೆಯಿಂದ ಓಡುತ್ತವೆ. ಅವನ್ನು ಓಡಿಸುವ ಪ್ರೋಗ್ರಾಮು ನನ್ನ ಮದುವೆಗಿಂತ ಹಳೆಯದು. ಅದು ಹುಟ್ಟಿದ ಕಾಲದ ಯಂತ್ರಗಳು ಈಗ ಗುಜರಿಯಲ್ಲೂ ಸಿಗುವುದಿಲ್ಲ. ಆದರೂ ದಿನಾ ಓಡುತ್ತದೆ, ಕಂಟೇನರಿನೊಳಗೆ ಕೂತುಕೊಂಡು.

ನಮ್ಮ ಕೋಣೆಯಲ್ಲಿ ಕಂಟೇನರ್ ಅನ್ನುವವರು ಕಡಿಮೆ. ನನ್ನ ಜೊತೆಯ ಪಾಳಿಯ ಹಿರಿಯರು ನದಾಫ್ ಕಾಕಾ ಅದಕ್ಕೆ ಬುತ್ತಿ ಎಂದು ಹೆಸರಿಟ್ಟಿದ್ದಾರೆ. ಒಂದು ಪ್ರೋಗ್ರಾಮಿಗೆ ಏನೇನು ಬೇಕೋ, ಅದರ ಹಳೆಯ ಸಾಮಾನು, ಅದರ ಉಪ್ಪು ಖಾರ, ಅದು ಕೂತ ಜಾಗದ ರೀತಿನೀತಿ, ಎಲ್ಲವನ್ನೂ ಸೇರಿಸಿ ಒಂದೇ ಗಂಟು ಕಟ್ಟುವುದು. ಯಾರ ಮನೆಯ ಕಟ್ಟೆಯ ಮೇಲೆ ಬಿಚ್ಚಿದರೂ ಅದೇ ರೊಟ್ಟಿ, ಅದೇ ಪಲ್ಯ, ಆ ಮನೆಯವರನ್ನು ಒಂದು ಹರಳು ಉಪ್ಪು ಕೇಳುವಂತಿಲ್ಲ. ಇದು ಮಾಯದ ಬುತ್ತಿ. ಬಿಚ್ಚಿ ಎಲೆಗೆ ಬಡಿಸಿ ಉಂಡರೂ ಗಂಟು ಹಾಗೇ ಉಳಿಯುತ್ತದೆ. ಬಡಿಸಿದ ಎಲೆಯನ್ನು ಎತ್ತಿ ಬಿಸಾಡಬಹುದು, ನಾಳೆ ಅದೇ ಗಂಟಿನಿಂದ ಹೊಸ ಎಲೆ ಬಡಿಸಬಹುದು. ಇಂದೂ ಅದೇ ರುಚಿ, ವರ್ಷ ಬಿಟ್ಟರೂ ಅದೇ ರುಚಿ.

“ನೋಡ ತಂಗಿ,” ಎಂದು ಕಾಕಾ ಆಗಾಗ ಹೇಳುತ್ತಾರೆ. “ನನ್ನ ಗಡ್ಡ ಬೆಳ್ಳಗಾತು, ನಿನ್ನ ತಲಿಯಾಗೂ ಒಂದೊಂದು ಕಾಣಾಕತ್ಯಾವ. ಈ ಪಂಪಿನ ಪ್ರೋಗ್ರಾಮಿಗೆ ಒಂದಿನಾ ವಯಸ್ಸಾಗಿಲ್ಲ. ಪುಣ್ಯವಂತ ಮಗ.”

ದಿನದ ಎಲೆಯನ್ನು ದಿನವೇ ಎತ್ತುವುದು ನಮ್ಮ ಕೋಣೆಯ ಶಿಸ್ತು. ಹಳೆ ಎಲೆ ಬಿದ್ದುಕೊಂಡಿದ್ದರೆ ಜಾಗ ತಿನ್ನುತ್ತದೆ, ಗೊಂದಲ ಮಾಡುತ್ತದೆ. ಆ ಶಿಸ್ತನ್ನು ನಾನು ಮನೆಗೂ ತಂದಿದ್ದೆ. ನಮ್ಮ ಅತ್ತೆ ದೀಪ ಹಚ್ಚುವ ಮೊದಲು ಮನೆ ಕಸ ಹೊಡೆಯುತ್ತಾರೆ, ಹಚ್ಚಿದ ಮೇಲೆ ಪೊರಕೆ ಮುಟ್ಟಗೊಡುವುದಿಲ್ಲ, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎನ್ನುತ್ತಾರೆ. ಪೆಟ್ಟಿಗೆಯ ಪ್ರೋಗ್ರಾಮುಗಳೂ ಇಂಥ ಬುತ್ತಿಗಳೇ, ಅದಕ್ಕೂ ನಾನು ಅದೇ ಹೊತ್ತು ಗೊತ್ತುಮಾಡಿದ್ದೆ. ದಿನಾ ಸಂಜೆ ದೀಪಕ್ಕೆ ಮುಂಚೆ ಅದು ತನ್ನೊಳಗೆ ನಿಂತುಹೋದ ಎಲೆಗಳನ್ನೆಲ್ಲ ಗುಡಿಸಿ ಎಸೆಯಬೇಕು. ಅತ್ತೆಗೆ ಈ ಏರ್ಪಾಡು ಬಹಳ ಹಿಡಿಸಿತ್ತು. “ನಮ್ಮ ಪೆಟಗಿಗೆ ಸಂಸ್ಕಾರ ಐತಿ,” ಎಂದು ನೆರೆಯವರಿಗೆ ಹೇಳಿಕೊಂಡು ಬಂದಿದ್ದರು.

ಆ ಮಧ್ಯಾಹ್ನ ಮೇಲಿನ ಊರುಗಳಿಗೆ ನೀರು ಏರಿಸುವ ಪಾಳಿ. ಬೇಸಿಗೆ. ಎರಡು ದಿನಕ್ಕೊಮ್ಮೆ ಸಿಗುವ ನೀರಿಗೆ ಊರೂರಿನಲ್ಲಿ ಕೊಡಗಳು ಸಾಲು ನಿಂತಿರುತ್ತವೆ. ಗೇಟು ತೆರೆಯಲು ಇಬ್ಬರ ಕೀಲಿ ಬೇಕು, ತೆರೆದಿರುವಷ್ಟು ಹೊತ್ತು ಇಬ್ಬರೂ ಕೋಣೆಯಲ್ಲಿರಬೇಕು. ಒಬ್ಬರು ಎದ್ದು ಹೋದರೆ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆ. ನಾನೂ ಕಾಕಾನೂ ಕೀಲಿ ತಿರುಗಿಸಿದೆವು. ನಾನು ಪಂಪಿನ ಬುತ್ತಿ ಬಿಚ್ಚುವ ಸಾಲು ಬರೆದೆ. ಪರದೆಯ ಮೇಲೆ ದಿನವೂ ಬರುವಂತೆ ಬಂತು: ಬುತ್ತಿ ಬಿಚ್ಚಿದೆ, ಹೊರಗಿನ ಗೂಡು ಜೋಡಿಸಿದೆ, ಪಂಪು ತಯಾರಿದೆ.

ಹೊರಗಿನ ಗೂಡು. ಹಿನ್ನೀರಿನ ಮಟ್ಟ, ಟಾಕಿಯ ಮಟ್ಟ, ನಿನ್ನೆ ಎಷ್ಟು ಏರಿಸಿದೆವು, ಇಂಥ ನೆನಪಿಟ್ಟುಕೊಳ್ಳಬೇಕಾದ್ದನ್ನು ಎಲೆಯ ಮೇಲೆ ಇಡುವುದಿಲ್ಲ. ಎಲೆ ಎತ್ತಿದರೆ ಹೋಗಿಬಿಡುತ್ತದೆ. ಅದಕ್ಕೇ ಗೋಡೆಯ ಗೂಡಿನಂತೆ ಹೊರಗೊಂದು ಜಾಗ ಮಾಡಿ, ಬುತ್ತಿ ಬಿಚ್ಚುವಾಗ ಅದನ್ನು ಜೋಡಿಸುತ್ತೇವೆ.

ಬೆಳಿಗ್ಗೆ ಮನೆಯ ಪರದೆಯ ಮೇಲೆ ಗೂಡಿನ ಸಾಲು ಇರಲಿಲ್ಲ.

ನಾನು ಮತ್ತೆ ಮತ್ತೆ ಜ್ಞಾಪಿಸಿಕೊಂಡೆ. ಇರಲಿಲ್ಲ. ಕಂಪನಿಯವರು ಯಾವ ಅವಸರದಲ್ಲಿದ್ದರೋ, ಗೂಡು ಮಾಡಿರಲಿಲ್ಲ. ಪ್ರೋಗ್ರಾಮು ಇಷ್ಟು ವರ್ಷ ಬನಿಯ ಗಂಟಲಿನಿಂದ ಕಲಿತದ್ದೆಲ್ಲ ಆ ಒಂದೇ ಎಲೆಯ ಮೇಲಿತ್ತು. ಓಡುತ್ತಿದ್ದಷ್ಟು ದಿನ ಪೆಟ್ಟಿಗೆ ಅದನ್ನು ಮುಟ್ಟಿರಲಿಲ್ಲ, ಓಡುವ ಎಲೆಯನ್ನು ಅದು ಗುಡಿಸುವುದಿಲ್ಲ. ಈಗ ಎಲೆ ನಿಂತಿತ್ತು.

ಕಿಟಕಿಯಾಚೆ ಹಿನ್ನೀರಿನ ಮೇಲೆ ಬಿಸಿಲು ಓರೆಯಾಗಿತ್ತು.

“ಯಾಕ ತಂಗಿ, ಮಾರಿ ಬಾಡಿತಲ್ಲ?” ಎಂದರು ಕಾಕಾ. ನಾನು ಹೇಳಿದೆ. ಅವರು ನಗೆಚಾಟಿಕೆಯ ಮನುಷ್ಯ, ಆದರೆ ನಗಲಿಲ್ಲ. “ಹೋಗು, ನೀ ಹೋಗು. ಗೇಟ್ ಮುಚ್ಚಿದ್ರ ಮುಚ್ಚಲಿ. ಕೇಳಿದ್ರ ನಾ ಹೇಳ್ತೀನಿ.”

“ಬಸ್ ಹಿಡದು ಹೋಗೂದ್ರಾಗ ದೀಪಾ ಹಚ್ಚೂ ಹೊತ್ತು ದಾಟ್ತೈತಿ ಕಾಕಾ. ಮ್ಯಾಲಿನ ಊರಾಗೂ ಕೂಸುಗೋಳ ಅದಾವ, ಅವಕ್ಕೂ ಗಂಟಲ ಐತಿ. ನೀವ ಪಂಪ್ ನೋಡ್ರಿ. ನಾ ಫೋನ್ ಮಾಡ್ತೀನಿ.”

ನಮ್ಮ ಕೋಣೆಯಿಂದ ಹೊರಗಿನ ಯಾವ ಯಂತ್ರಕ್ಕೂ ಕೈ ಚಾಚಲು ಬಿಡುವುದಿಲ್ಲ, ನೀರಿನ ಕಾವಲು ಅದು. ಮೊಬೈಲು ಬಾಗಿಲಲ್ಲೇ ಇಟ್ಟು ಬರಬೇಕು. ಇರುವುದು ಗೋಡೆಗೆ ತಗುಲಿಸಿದ ಒಂದು ಫೋನು. ಮಾತು ಮಾತ್ರ ಹೋಗುತ್ತದೆ, ಮಾತು ಮಾತ್ರ ಬರುತ್ತದೆ. ಆ ಕಡೆ ಮನೆಯಲ್ಲಿ ಇದ್ದವರು ಇಬ್ಬರು. ಇಂಗ್ಲಿಷ್ ಅಕ್ಷರ ಓದಲು ಬಾರದ ಅತ್ತೆ, ಓದಲು ಬಂದರೂ ಹೇಳಲು ದನಿಯಿಲ್ಲದ ಮಗಳು. ಬನಿಯ ಅಪ್ಪ ಗದಗದ ಕಡೆ ಗಾಳಿಯಂತ್ರದ ಕಂಬವೊಂದರ ತುದಿಯಲ್ಲಿ ರಿಪೇರಿ ಕೆಲಸದಲ್ಲಿದ್ದರು.

“ಅತ್ತೀ, ದೀಪ ಹಚ್ಚೀರೇನು?”

“ಇಲ್ಲವಾ, ಎಣ್ಣಿ ಹಾಕಾಕತ್ತೀನಿ. ಯಾಕ?”

“ಪೆಟಗಿ ಕಸಾ ಹೊಡೀತೈತಿ ಈಗ. ಬನಿ ದನಿ ಹೋಗೇಬಿಡ್ತೈತಿ. ಅಕೀನ್ನ ಲ್ಯಾಪ್‌ಟಾಪ್ ಮುಂದ ಕೂಡಸ್ರಿ. ಒಂದ ಲೋಟಾ, ಒಂದ ಚಮಚಾ ಕೊಡ್ರಿ.”

“ಪೆಟಗಿ ವೈರ್ ಕಿತ್ತ ಒಗೀಲೇನು? ಅಲ್ಲಿಗೆ ಮುಗೀತಲ್ಲ.”

“ಬ್ಯಾಡ್ರಿ ಬ್ಯಾಡ್ರಿ! ಮತ್ತ ಚಾಲೂ ಮಾಡಿದ್ರ ಅದು ಎದ್ದ ಕೂಡ್ಲೇ ಮೊದಲ ಕಸಾನ ಹೊಡೀತೈತಿ.”

“ನನ್ನಂಗ,” ಅಂದರು ಅತ್ತೆ. ಆಮೇಲೆ ಲೋಟದ ಸಪ್ಪಳ ಕೇಳಿತು.

“ಬನಿ, ಕೇಳಾಕತ್ತೀಯೇನು? ಹೌದಂದ್ರ ಒಮ್ಮೆ ಬಡಿ. ಅಲ್ಲಂದ್ರ ಎರಡ ಸಲ.”

ಠಣ್.

“ಶಾಣ್ಯಾಕಿ. ಕಪ್ಪ ಪರದೆ ತಗೀ. ಮುಂಜಾನೆ ನಾ ಬರದ ಸಾಲು ಅದರ ಹೊಟ್ಟ್ಯಾಗ ಐತಿ. ಮ್ಯಾಲಿನ ಬಾಣದ ಗುಂಡಿ ಒತ್ತು, ಬರ್ತೈತಿ. ಬಂತೇನು? ಎಂಟರ್ ಒತ್ತು.”

ಠಣ್.

“ಈಗ ಒಂದ ಸಾಲಿನ್ಯಾಗ, ನಿಂತೈತಿ ಅಂತ ಇಂಗ್ಲೀಷಿನ್ಯಾಗ ಇರ್ತೈತಿ, ದೊಡ್ಡ ಇ ಅಕ್ಷರದಿಂದ ಚಾಲೂ ಆಗೂ ಶಬ್ದ. ಸಿಕ್ತಾ? ಅದ ಸಾಲಿನ ಮೊದಲಿಗೆ ಅಕ್ಷರಾ ಅಂಕಿ ಕಲಸಿದ್ದೊಂದು ಹೆಸರೈತಿ. ಅದರಾಗ ಮೊದಲಿನ ನಾಕು ಪಾಟಿ ಮ್ಯಾಲೆ ಬರ್ಕೋ.”

ಬಳಪದ ಸಪ್ಪಳ ಫೋನಿನಲ್ಲಿ ಕೇಳಿಸುವುದಿಲ್ಲ. ಕಾಯ್ದೆ. ಬೆನ್ನ ಹಿಂದೆ ಕಾಕಾ ಟಾಕಿಯ ಮಟ್ಟವನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದರು. ಠಣ್.

ಎಲೆಯನ್ನು ಮತ್ತೆ ಗಂಟು ಕಟ್ಟುವ ಆಜ್ಞೆಯೊಂದಿದೆ. ಉಂಡು ಬಿಟ್ಟ ಎಲೆಯನ್ನು ಅದರ ಮೇಲೆ ಏನೇನಿದೆಯೋ ಹಾಗೇ ಮಡಚಿ ಹೊಸ ಬುತ್ತಿ ಮಾಡುವುದು. ಕಂಟ್ರೋಲ್ ರೂಮಿನಲ್ಲಿ ಅದನ್ನು ಬಳಸಿದರೆ ಬೈಸಿಕೊಳ್ಳುತ್ತೇವೆ, ಅದು ಕೊಳಕು ಕೆಲಸ. ಆ ಸಂಜೆ ನನಗೆ ಆ ಕೊಳಕು ಕೆಲಸವೇ ಬೇಕಾಗಿತ್ತು. ಒಂದೊಂದೇ ಅಕ್ಷರ ಹೇಳಿದೆ. “ಮೊದಲ್ನೇ ಶಬ್ದ ಮುಂಜಾನೆ ಸಾಲಿಂದ, ನೋಡಿ ಬರಿ. ಜಾಗಾ ಬಿಡು. ಈಗ ಸಿ. ಓ. ಎಮ್. ಇನ್ನೊಂದ ಎಮ್.”

“ಎರಡ ಎಮ್ ಯಾಕವಾ, ಒಂದ ಸಾಲಂಗಿಲ್ಲೇನು?” ಎಂದರು ಅತ್ತೆ.

“ಐ. ಟಿ. ಜಾಗಾ ಬಿಡು. ಪಾಟಿ ಮ್ಯಾಲಿನ ನಾಕು. ಮತ್ತ ಜಾಗಾ ಬಿಡು. ಈಗ ಹೊಸಾ ಗಂಟಿಗೆ ಹೆಸರು ಕೊಡಬೇಕು. ನಿನ್ನ ಹೆಸರ ಬರಿ ಕಂದಾ, ಸಣ್ಣ ಅಕ್ಷರದಾಗ. ಎಂಟರ್.”

ಠಣ್ ಠಣ್.

“ಏನಾತ್ರಿ ಅತ್ತಿ?”

“ನನಗೇನ ತಿಳೀತೈತಿ? ಕೆಳಗ ಏನೋ ಸಾಲು ಬಂದೈತಿ. ಬೈದಂಗ ಕಾಣ್ತೈತಿ.”

ಎಲ್ಲಿ ತಪ್ಪಿರಬಹುದೆಂದು ಯೋಚಿಸಿದೆ. “ಬನಿ, ಆ ನಾಕರಾಗ ಗುಂಡಗಿನದು ಒಂದೈತೇನು?” ಠಣ್. “ಅದಕ್ಕ ಓ ಒತ್ತೀಯೇನು?” ಠಣ್. “ಆ ಹೆಸರಿನ್ಯಾಗ ಓ ಬರಂಗಿಲ್ಲ ಕಂದಾ, ಅದು ಸೊನ್ನಿ. ಬಾಣಾ ಒತ್ತಿ ಹಳೆ ಸಾಲ ತಗೋ, ಅಷ್ಟ ತಿದ್ದು. ಅವಸರಿಲ್ಲ.”

ಅವಸರವಿತ್ತು. ಆದರೆ ಮಗುವಿಗೆ ಹೇಳುವ ಮಾತು ಅದಲ್ಲ.

ಫೋನು ಕಿವಿಗೆ ಒತ್ತಿಕೊಂಡೆ. ಪೆಟ್ಟಿಗೆಯ ಫ್ಯಾನು ಜೋರಾಗಿ ತಿರುಗುವುದು ಕೇಳಿತು, ಇಲ್ಲವೇ ಅದು ನನ್ನ ಕಿವಿಯದೇ ಗುಂಯ್‌ಗುಡಿತವೋ. “ಉದ್ದನ್ನ ಸಾಲು ಬಂತವಾ,” ಎಂದರು ಅತ್ತೆ. “ಪರದೆ ಈ ಕಡಿಂದ ಆ ಕಡಿಗೆ ತುಂಬೇತಿ. ಇದೂ ಬೈಗಳೇನು?”

ಉತ್ತರ ಲೋಟವೇ ಕೊಟ್ಟಿತು. ಠಣ್ ಅಲ್ಲ, ಠಣಠಣಠಣ, ನಿಲ್ಲಿಸದೆ. ಉದ್ದನೆಯ ಸಾಲು ಬಂದರೆ ಗಂಟು ಬಿದ್ದಿದೆ ಎಂದರ್ಥ. ನಾನು ಅದನ್ನು ಬನಿಗೆ ಹೇಳಿಯೇ ಇರಲಿಲ್ಲ, ಅವಳು ಹೇಗೋ ತಿಳಿದುಕೊಂಡಿದ್ದಳು.

“ಸಾಕ ಬಿಡಽ, ಲೋಟಾ ನೆಗ್ಗೀತು,” ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ, “ಹಾಂ, ಪೆಟಗಿ ಗುರ್ ಅಂತು. ಕಸಾ ಹೊಡದಂಗಾತು,” ಎಂದರು. ಆಮೇಲೆ ಕಡ್ಡಿ ಗೀರಿದ ಸಪ್ಪಳ.

ಫೋನು ಇಟ್ಟು ತಿರುಗಿದರೆ ಕಾಕಾ ತಮ್ಮ ಚಹಾವನ್ನೂ ನನ್ನ ಮುಂದೆ ಸರಿಸಿದ್ದರು. “ಮ್ಯಾಲಿನ ಟಾಕಿ ತುಂಬೇತಿ,” ಎಂದಷ್ಟೇ ಹೇಳಿದರು.

ಕಟ್ಟಿಟ್ಟದ್ದಾಯಿತು, ಇನ್ನು ಅದನ್ನು ಓಡಿಸಬೇಕಿತ್ತು. ಬುತ್ತಿ ಬಿಚ್ಚಿದ ಕೂಡಲೇ ಅದು ಕಂಪನಿಯ ಅಗಸಿಗೆ ಓಡುತ್ತಿತ್ತು, ಬಾಗಿಲು ಮುಚ್ಚಿದ್ದು ನೋಡಿ ಬಿದ್ದುಬಿಡುತ್ತಿತ್ತು. ನಾನು ಅದರ ಮೇಲೊಂದು ಪದರು ಕಟ್ಟಬೇಕು. ಅಗಸಿಯನ್ನೇ ಬುತ್ತಿಯೊಳಗೆ ತರಬೇಕು, ಅಲ್ಲೊಬ್ಬ ಕಾವಲುಗಾರನನ್ನು ಕೂರಿಸಬೇಕು, ಪ್ರೋಗ್ರಾಮು ಅಪ್ಪಣೆ ಕೇಳಿದರೆ ಅವನು ಹೂಂ ಅನ್ನಬೇಕು. ಮನೆಗೆ ಬಂದು, ಅಡುಗೆಯ ವಿಧಾನ ಬರೆದಂತೆ ಒಂದು ಪುಟ್ಟ ಕಡತ ಬರೆದೆ. ಮೊದಲು ಬನಿಯ ಗಂಟು ತೆಗೆದುಕೋ, ಅದರ ಮೇಲೆ ಇದನ್ನು ಇಡು, ಆಮೇಲೆ ಇದನ್ನು ಬದಲಿಸು. ಕಟ್ಟು ಎಂದೆ. ಬೇಳೆ ಕುಕ್ಕರಿಗೆ ಹಾಕಿ ಬರುವುದರೊಳಗೆ ತಪ್ಪು ತೋರಿಸುವ ಕೆಂಪು ಸಾಲು ಬಂದಿತ್ತು.

ತಿದ್ದಿದೆ. ಕಟ್ಟು ಎಂದೆ. ಬಟ್ಟೆ ಒಣಹಾಕಿ ಬಂದೆ. ಕೆಂಪು ಸಾಲು ಒಂದು ಹೆಜ್ಜೆ ಮುಂದೆ ಬಂದು ನಿಂತಿತ್ತು. ಅದೂ ಒಂದು ಸಮಾಧಾನ. ಎಲ್ಲಿ ಬಿರಿಯಿತೋ ಅಲ್ಲಿಂದ ಮೇಲಿನದು ಮಾತ್ರ ಹೊಸದಾಗಿ ಕಟ್ಟುತ್ತದೆ, ಕೆಳಗಿನದು ಗಟ್ಟಿಯಾಗಿ ಉಳಿದಿರುತ್ತದೆ. ಮಕ್ಕಳನ್ನು ಬೆಳೆಸಿದವರಿಗೆ ಇಂಥ ಕೆಲಸ ಕಷ್ಟವೆನಿಸುವುದಿಲ್ಲ.

ಬನಿ ಆ ದಿನಗಳಲ್ಲಿ ಶಾಲೆಗೆ ಪಾಟಿ ಹಿಡಿದು ಹೋದಳು. ಲೆಕ್ಕದ ಉತ್ತರ ಬರೆದಳು, ನೀರಿಗೆ ಹೋಗಬೇಕು ಎಂದು ಬರೆದಳು. ಮನೆಯಲ್ಲಿ ಅಜ್ಜಿಯ ಮೇಲಿನ ದೂರುಗಳನ್ನೂ ಬರೆದಳು. ಆ ಒಂದು ಪ್ರಶ್ನೆಯನ್ನು ಮಾತ್ರ ಬರೆಯಲಿಲ್ಲ. ನಾನು ಕೇಳಿದಾಗಲೆಲ್ಲ ಕೊರಳು ಮುಟ್ಟಿ ನನ್ನ ಕಿವಿ ಮುಟ್ಟುತ್ತಿದ್ದಳು.

ಒಂದು ಭಾನುವಾರ ನೋಡಿದರೆ ಅವಳ ಶಾಲೆಯ ಲಂಗ ಗಿಡ್ಡವಾಗಿತ್ತು. ಕುರ್ಚಿಯ ಮೇಲೆ ನಿಲ್ಲಿಸಿ, ಟೇಲರ್ ಮೊದಲೇ ಒಳಗೆ ಮಡಚಿ ಹೊಲಿದಿಟ್ಟಿದ್ದ ಅಂಚನ್ನು ಬ್ಲೇಡಿನಿಂದ ಬಿಚ್ಚಿದೆ. ಅಂಗೈಯಗಲ ಬಟ್ಟೆ ಇಳಿಯಿತು. ಮಡಿಕೆಯೊಳಗಿದ್ದ ಬಟ್ಟೆ ಬಿಸಿಲು ಕಂಡಿರಲಿಲ್ಲ, ಉಳಿದದ್ದಕ್ಕಿಂತ ಕಡು ನೀಲಿ. ಬನಿ ಬಗ್ಗಿ ಆ ಕಡು ನೀಲಿಯ ಮೇಲೆ ಬೆರಳಾಡಿಸುತ್ತಲೇ ಇದ್ದಳು.

ಅಷ್ಟರಲ್ಲಿ ಎದುರುಮನೆಯ ಚಿನ್ಮಯಿ ಬಾಗಿಲಲ್ಲಿ ಇಣುಕಿದಳು. ಬನಿಯದೇ ತರಗತಿ. “ಏ ಅಂಗನವಾಡಿ, ಆಡಾಕ ಬರ್ತೀಯೇನು? ಇನ್ನೂ ಮೂಕಿನ ಅದೀಯೇನು?”

“ಬರ್ತಾಳವಾ,” ಅಂದೆ ನಾನು. “ದನೀನೂ ಬರ್ತೈತಿ. ನಿನಗಿಂತ ಜೋರ ಬರ್ತೈತಿ, ಕಿವಿ ಮುಚ್ಕೊಂಡ ನಿಲ್ಲು.” ಚಿನ್ಮಯಿ ನಕ್ಕು ಓಡಿದಳು. ಬನಿ ನಗಲಿಲ್ಲ. ಅವಳ ದನಿ ಕೇಳಿ ಮಕ್ಕಳು ಇಟ್ಟ ಅಂಗನವಾಡಿ ಎಂಬ ಹೆಸರು ಬಹಳ ದಿನದಿಂದ ಇತ್ತು. ಅದರಲ್ಲಿ ನೋಯುವಂಥದ್ದೇನಿದೆ ಎಂದು ನಾನು ಯೋಚಿಸಿರಲಿಲ್ಲ. ನನಗೆ ಆ ಎಳೆಯ ದನಿ ಅಷ್ಟು ಇಷ್ಟವಿತ್ತು.

ಕೆಂಪು ಸಾಲುಗಳು ಮುಗಿದವು. ಈ ಸಲ ಕಂಪನಿಯವರು ಮಾಡಿದ ತಪ್ಪು ಮಾಡಬಾರದೆಂದು ಹೊರಗಿನ ಗೂಡನ್ನೂ ಜೋಡಿಸಿ ಓಡಿಸಿದೆ. ಹಸಿರು ದೀಪ ಹೊತ್ತಿತು. ಬನಿ ಓಡಿ ಬಂದು ನನ್ನ ಎದುರು ನಿಂತು, ತ್ರಾಣವನ್ನೆಲ್ಲ ಒಟ್ಟುಮಾಡಿಕೊಂಡು ಬಾಯಿ ತೆರೆದಳು.

“ಯಾ... ವಾ,” ಎಂದಿತು ಸಕ್ಕರೆಯ ಹೆಂಗಸಿನ ದನಿ. “ಕ್ಷಮಿಸಿ, ತಿಳಿಯಲಿಲ್ಲ. ದಯವಿಟ್ಟು ನಿಧಾನವಾಗಿ ಹೇಳಿ.”

ಬನಿಯ ಮುಖ ನೋಡಲಾಗಲಿಲ್ಲ. ಪಟ್ಟಿಯನ್ನು ಕಿತ್ತು ಜಗಲಿಯ ಮೇಲೆ ಇಟ್ಟು ಹಿತ್ತಲಿಗೆ ಹೋಗಿಬಿಟ್ಟಳು. ಅತ್ತೆ ಪಟ್ಟಿಯನ್ನೇ ನೋಡಿ, “ಇಕಿ ಮತ್ತ ಬಂದಳಲ್ಲ,” ಎಂದರು.

ನಾನು ಮತ್ತೆ ಕೀಲಿಮಣೆಗೆ ಕೈ ಹಾಕಿದೆ. ಗಂಟಿನಲ್ಲಿ ಬನಿ ಇದ್ದಾಳೆ, ನಾನೇ ನೋಡಿದ್ದೇನೆ. ಹಾಗಾದರೆ ಎಲ್ಲಿ ಮುಚ್ಚಿಹೋದಳು? ತಟ್ಟೆ ತೊಳೆಯುತ್ತ ಯೋಚಿಸಿದೆ. ತೊಳೆದ ದೊಡ್ಡ ಪರಾತವನ್ನು ಚಟ್ನಿಯ ಬಟ್ಟಲ ಮೇಲೆ ಕವುಚಿಟ್ಟಾಗ ಹೊಳೆಯಿತು. ನಾನು ಜೋಡಿಸಿದ ಗೂಡು ಹೊಸದು, ಖಾಲಿ. ಖಾಲಿ ಗೂಡನ್ನು ಕಲಿಕೆ ಇದ್ದ ಜಾಗದ ಮೇಲೇ ಇಟ್ಟುಬಿಟ್ಟಿದ್ದೆ. ಅಡಿಯಲ್ಲಿದ್ದದ್ದು ಅಡಿಯಲ್ಲೇ ಇತ್ತು, ಕಾಣುತ್ತಿರಲಿಲ್ಲ. ಮೊದಲು ಗಂಟಿನಿಂದ ಕಲಿಕೆಯನ್ನು ಗೂಡಿಗೆ ತೆಗೆದಿಡಬೇಕು, ಆಮೇಲೆ ಗೂಡು ಜೋಡಿಸಬೇಕು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೋಗಿ ಅದನ್ನೇ ಬರೆದೆ. ಸಾಮಾನು ಸಾಗಿಸುವುದು ಮುಗಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಬನಿ ಹಿತ್ತಲ ಕಟ್ಟೆಯ ಮೇಲೆ ನಿದ್ದೆಹೋಗಿದ್ದಳು. ಎತ್ತಿ ತಂದು ಮಲಗಿಸಿದೆ. ಕೈಗೆ ಭಾರವಾಗಿದ್ದಳು, ಕಾಲು ನನ್ನ ಮೊಳಕಾಲಿನವರೆಗೆ ಜೋಲುತ್ತಿತ್ತು.

ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತಾಗ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಜಗಲಿಯ ಮೇಲಿನ ಪಟ್ಟಿಯನ್ನು ತಾನೇ ತೆಗೆದು ಹಾಕಿಕೊಂಡಿದ್ದಳು. ದೀಪ ಹಸಿರಾಗಿತ್ತು. ನಂಬಿಕೆ ಬಾರದವಳಂತೆ, ಮೊದಲು ನನ್ನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು.

“ಆಯೀ, ನೆಗ್ಗಿದ ಲೋಟಾದಾಗ ನನಗ ಹಾಲ ಕೊಡಬ್ಯಾಡ.”

ಅದೇ ದನಿ. ಆಸ್ಪತ್ರೆಗೆ ಹೋಗುವ ಮೊದಲು ಮನೆ ತುಂಬ ಹರಿದಾಡುತ್ತಿದ್ದ, ಹಾಲುಗಲ್ಲದ ನಾಲ್ಕರ ಕೂಸಿನ ದನಿ. “ಲೋಟಾ” ಅನ್ನುವಾಗಿನ ಆ ಸಣ್ಣ ತೊದಲು ಕೂಡ ಹಾಗೇ.

“ಅಯ್ಯ ನನ್ನವ್ವಾ!” ಎಂದು ಅತ್ತೆ ಬತ್ತಿಗಳನ್ನು ಚೆಲ್ಲಿ ಎದ್ದರು. “ಹಂಗಽ ಐತಿ! ಒಂದ ಕೂದಲೆಳಿ ಬದಲಾಗಿಲ್ಲ ನೋಡು!”

“ಇನ್ನ ಯಾವತ್ತೂ ಬದಲಾಗಂಗಿಲ್ರಿ ಅತ್ತಿ,” ಅಂದೆ ನಾನು. ಹೆಮ್ಮೆಯಿತ್ತು, ಮುಚ್ಚಿಡುವುದೇಕೆ? “ಯಾವ ಕಂಪನಿ ಮುಚ್ಚಿದ್ರೂ ಅಷ್ಟ. ಪೆಟಗಿ ಸುಟ್ಟ ಹೋದ್ರೂ ಅಷ್ಟ. ಎಲ್ಲಿ ಬಿಚ್ಚಿದ್ರೂ ಇದ ದನಿ. ಕಟ್ಟಿಟ್ಟೀನಿ.”

ಇದೇ ಪಟ್ಟಿ ಹಾಕಿದ ಮಕ್ಕಳ ತಾಯಂದಿರು ಬೇರೆ ಬೇರೆ ಊರುಗಳಲ್ಲಿ ಕಾಯುತ್ತಿದ್ದರು. ಅವರಿಗೂ ಆ ಮೇಲಿನ ಪದರನ್ನು ಕಳಿಸಿಕೊಡಬೇಕು, ಖಾಲಿ ಗೂಡಿನ ಎಚ್ಚರವನ್ನೂ ಹೇಳಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಹಿಟ್ಟಿನ ಉಂಡೆ ತೆಗೆದುಕೊಂಡೆ. ಬನಿ ಹೊಸ್ತಿಲ ಮೇಲೆ ಬಂದು ನಿಂತಳು. ಅಂಚು ಬಿಚ್ಚಿದ ಲಂಗ ಹಾಕಿಕೊಂಡಿದ್ದಳು, ಕೆಳಗಿನ ಕಡು ನೀಲಿ ಪಟ್ಟಿ ಕಾಲಿನ ಸುತ್ತ ಎದ್ದು ಕಾಣುತ್ತಿತ್ತು.

ನಾನು ರೊಟ್ಟಿ ಬಡಿಯತೊಡಗಿದೆ. ಈ ಸಲ ಏನೇ ಬಂದರೂ ಕೈ ನಿಲ್ಲಿಸಬಾರದು ಎಂದುಕೊಂಡೆ.

“ಕೇಳ ಕಂದಾ. ಅವತ್ತು ಏನ ಕೇಳಾಕತ್ತಿದ್ದಿ?”

ಅವಳು ಒಮ್ಮೆ ಕೊರಳ ಪಟ್ಟಿಯನ್ನು ಮುಟ್ಟಿಕೊಂಡಳು. ಆ ನಾಲ್ಕರ ಕೂಸಿನ ದನಿಯಲ್ಲಿ ಕೇಳಿದಳು.

“ಯವ್ವಾ, ನಾ ದೊಡ್ಡಾಕಿ ಆದಂಗ ಈ ದನೀನೂ ದೊಡ್ಡದ ಆಗ್ತೈತೇನು?”